ನೋರಾ ಆಂಟಿಯ ನಾಯಿಮರಿಗೆ ನಾಮಕರಣ

ನನ್ನ ಮಗಳಿಗೆ ಹೆಸರಿಡಲು ನಾನು ತೆಗೆದುಕೊಂಡ ಕಾಲ ಒಟ್ಟು ಇಪ್ಪತ್ತು ನಿಮಿಷ. ಒಂದು ನಾಯಿಮರಿಗೆ ಹೆಸರಿಡಲು ತೆಗೆದುಕೊಂಡದ್ದು ಹದಿನೇಳು ದಿನ. ಇದನ್ನು ಮಗಳ ಎದುರಿಗೆ ಹೇಳುವ ಧೈರ್ಯವಿಲ್ಲ, ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಮಗಳ ಸಲ ಕೆಲಸ ಸುಲಭವಿತ್ತು. ಜೋಯಿಸರು ನಕ್ಷತ್ರ ನೋಡಿ ಅಕ್ಷರ ಕೊಟ್ಟರು, ನನ್ನ ಹೆಂಡತಿ ವತ್ಸಲಾ ಆ ಅಕ್ಷರ ಹಿಡಿದು ಅನಘಾ ಎಂದಳು, ನಾನು ಆಗಲಿ ಎಂದೆ. ನಾಯಿಗಾದರೋ ನಕ್ಷತ್ರ ನೋಡಿಕೊಡುವವರಿಲ್ಲ. ಜೊತೆಗೆ ಹೆಸರು ಐರಿಷ್ ಆಗಿರಬೇಕು ಎಂಬ ಷರತ್ತು ಬೇರೆ.

ಷರತ್ತು ಹಾಕಿದವರು ನೋರಾ ಆಂಟಿ. ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯವರು, ವಯಸ್ಸು ಎಪ್ಪತ್ತಾರು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಐರ್ಲೆಂಡಿನಿಂದ ಹಡಗು ಹತ್ತಿ ಬಂದವರು. ‘ಬರೀ ನೋರಾ ಅನ್ನಿ’ ಎಂದು ಅವರು ಆರು ವರ್ಷದಿಂದ ಹೇಳುತ್ತಲೇ ಇದ್ದರು, ನಾವು ಆಂಟಿ ಎನ್ನುತ್ತಲೇ ಇದ್ದೆವು. ಎಪ್ಪತ್ತಾರು ವರ್ಷದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳಬೇಕಲ್ಲ! ಅವರ ಇಂಗ್ಲಿಷಿನಲ್ಲಿದ್ದ ಐರ್ಲೆಂಡಿನ ಸೊಗಡನ್ನು ಕನ್ನಡಕ್ಕೆ ತರುವುದು ನನ್ನಿಂದಾಗದ ಕೆಲಸ. ಆದ್ದರಿಂದ ಇಲ್ಲಿ ಅವರನ್ನು ಮೈಸೂರಿನ ಅಜ್ಜಿಯ ಹಾಗೆ ಮಾತಾಡಿಸಿದ್ದೇನೆ, ಸಹಿಸಿಕೊಳ್ಳಿ.

ಎರಡು ಸಾವಿರದ ಆರನೇ ಇಸವಿಯಲ್ಲಿ ಅವರು ಮನೆ ಮಾರಿ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ಮಗಳ ಮನೆಗೆ ಹೊರಟರು. ಗಂಡ ಫರ್ಗಸ್ ಅಂಕಲ್ ತೀರಿಕೊಂಡು ಎರಡು ವರ್ಷವಾಗಿತ್ತು, ಒಬ್ಬರೇ ಇರುವುದು ಸಾಕೆಂದು ಮಗಳ ಹಟ. ಹೊರಡುವುದಕ್ಕೆ ಎರಡು ತಿಂಗಳಿದೆ ಎನ್ನುವಾಗ ಅವರ ಮುದಿ ನಾಯಿ ಒಂದೇ ಒಂದು ಮರಿ ಹಾಕಿ ಕಣ್ಣು ಮುಚ್ಚಿತು. ಕೆಂಚು ಬಣ್ಣದ ಐರಿಷ್ ಟೆರಿಯರ್ ಮರಿ, ಮುಖದ ತುಂಬ ಗಡ್ಡ, ಹುಟ್ಟುವಾಗಲೇ ರಿಟೈರ್ ಆದಂಥ ಕಳೆ. ಮೆಲ್ಬರ್ನಿನ ಮೊಮ್ಮಗುವಿಗೆ ಉಬ್ಬಸ, ನಾಯಿ ಕೂದಲು ಆಗುವುದಿಲ್ಲ. ನಮ್ಮ ಹತ್ತು ವರ್ಷದ ಅನಘಾ ಬೇಲಿಯ ಮೇಲೆ ಗಲ್ಲವಿಟ್ಟು ಆ ಮರಿಯನ್ನೇ ನೋಡುತ್ತ ನಿಂತಿರುತ್ತಿದ್ದಳು.

“ನಿನಗೇ ಕೊಡ್ತೀನಮ್ಮ. ಆದರೆ ಐರಿಷ್ ಹೆಸರಿಡಬೇಕು, ನಾನು ಊರು ಬಿಡೋಕೆ ಮುಂಚೆ ಅದು ನನ್ನ ಕಿವಿಗೆ ಬೀಳಬೇಕು,” ಎಂದರು ನೋರಾ ಆಂಟಿ. “ಹೆಸರು ನನಗೆ ಒಪ್ಪಿಗೆಯಾಗದೇ ಇದ್ದರೆ ಮರಿ ನನ್ನ ತಂಗಿ ಮಗನಿಗೆ.”

ತಂಗಿ ಮಗ ನಿಜವಾಗಿ ಇದ್ದನೋ ಇಲ್ಲವೋ, ನಾವಂತೂ ಅವನನ್ನು ಕಂಡವರಲ್ಲ. ಆದರೆ ಅನಘಾ ಅವತ್ತಿನಿಂದ ಅವನನ್ನು ಜನ್ಮವೈರಿ ಮಾಡಿಕೊಂಡಳು.

ನಾಯಿಯ ಹೆಸರಿನ ವಿಷಯದಲ್ಲಿ ನಾವು ಕನ್ನಡಿಗರು ಬಡವರೇನಲ್ಲ. ಮಂಡ್ಯದ ಹತ್ತಿರ ಆತಕೂರಿನಲ್ಲಿ ಸಿಕ್ಕ ಸಾವಿರ ವರ್ಷ ಹಿಂದಿನ ಕಲ್ಲೊಂದರಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತ ಕತೆ ಇದೆ. ಎಷ್ಟೋ ರಾಜಕುಮಾರರಿಗೆ ಸಿಗದ ವೀರಗಲ್ಲು ಒಂದು ನಾಯಿಗೆ ಸಿಕ್ಕಿದೆ, ಹೆಸರಿನ ಸಮೇತ! ಆಮೇಲೆ ಅದೇನಾಯಿತೋ, ನನ್ನ ಬಾಲ್ಯದ ಹೊತ್ತಿಗೆ ನಮ್ಮ ನಾಯಿಗಳೆಲ್ಲ ಇಂಗ್ಲಿಷರಾಗಿದ್ದವು. ನಮ್ಮ ಬೀದಿಯಲ್ಲಿ ಟಾಮಿ ಇಬ್ಬರು, ಜಿಮ್ಮಿ ಮೂವರು, ರೋಸಿ ಒಬ್ಬಳು. ಇದರ ಫಲ ನಾನು ಉಂಡದ್ದು ನಾರ್ತ್ ಸಿಡ್ನಿಯ ಆಫೀಸಿನಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರು ನನ್ನನ್ನು ಕರೆದುಕೊಂಡು ಹೋಗಿ, “ಇವರು ಜಿಮ್ಮಿ, ಇವರು ರೋಸಿ, ಇನ್ನುಮೇಲೆ ನಿನ್ನ ಕೆಲಸ ನೋಡೋರು ಇವರೇ,” ಎಂದರು. ನಾನು ನಗು ತಡೆಯಲು ಕೆಮ್ಮಿದೆ. ರೋಸಿ ಪಾಪ ನೀರು ತಂದುಕೊಟ್ಟಳು.

ಈ ಅನುಭವದಿಂದಾಗಿ ನಾನು ಬಹಳ ಜಾಗ್ರತೆಯಿಂದ ಇಂಟರ್‌ನೆಟ್ ತಡಕಿ ನಲವತ್ತೊಂದು ಐರಿಷ್ ಹೆಸರುಗಳ ಪಟ್ಟಿ ತಯಾರಿಸಿದೆ. ಆಫೀಸಿನ ಪ್ರಿಂಟರಿನಲ್ಲೇ ಪ್ರಿಂಟ್ ತೆಗೆದೆ. ಊಟದ ಮೇಜಿನ ಮೇಲೆ ಅದನ್ನು ಹರಡಿದ್ದೇ ತಡ, ವತ್ಸಲಾ ಪೆನ್ನು ತೆಗೆದುಕೊಂಡು ಒಂದು ಹೆಸರನ್ನು ಕಾಗದ ಹರಿಯುವಷ್ಟು ಜೋರಾಗಿ ಹೊಡೆದು ಹಾಕಿದಳು. ಅದು ಫರ್ಗಸ್.

“ಏನ್ರೀ, ತಲೆ ನೆಟ್ಟಗಿದ್ಯಾ ನಿಮ್ಗೆ? ಆಂಟಿ ಯಜಮಾನ್ರ ಹೆಸ್ರು! ನಾಯಿಗಿಡೋ ಪಟ್ಟೀಲಿ ಹಾಕ್ಕೊಂಡ್ ಬಂದಿದೀರಲ್ಲ!”

ನಾನು ನಾಚಿಕೊಂಡೆ. ಫರ್ಗಸ್ ಅಂಕಲ್ ನಮಗೆ ಯಾರೋ ಏನೋ ಆಗಿರಲಿಲ್ಲ. ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯುವುದನ್ನು ನನಗೆ ಕಲಿಸಿದವರು ಅವರು. ಯಾವ ವಾರ ಯಾವ ಕಸದ ಬಿನ್ ಹೊರಗಿಡಬೇಕು ಎಂದು ಹೇಳಿಕೊಟ್ಟವರು ಅವರು. ವತ್ಸಲಾ ಮಾಡಿದ ಬಿಸಿಬೇಳೆಬಾತನ್ನು ಬೋಳುತಲೆಯಿಂದ ಬೆವರು ಒರೆಸಿಕೊಳ್ಳುತ್ತ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದವರು. ಅವರ ಹೆಸರನ್ನು ನಾಯಿಗಿಟ್ಟು, ನಾಳೆ ಅದು ಕಾರ್ಪೆಟ್ ಒದ್ದೆ ಮಾಡಿದರೆ ಏನೆಂದು ಬೈಯುವುದು?

ಹಿರಿಯರ ಹೆಸರೆಂದರೆ ನಮ್ಮ ಕಡೆ ಎಂಥ ಭಯಭಕ್ತಿ ಎಂಬುದಕ್ಕೆ ನಾನೇ ಸಾಕ್ಷಿ. ನನಗಿಟ್ಟದ್ದು ತಾತನ ಹೆಸರು, ವೆಂಕಟಸುಬ್ಬಯ್ಯ. ಮಾವನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ ಎಂದು ಅಮ್ಮ ನನ್ನನ್ನು ಪಾಪು ಎಂದಳು. ಗಂಡನ ಹೆಸರು ಹೇಳುವುದುಂಟೇ ಎಂದು ಅಜ್ಜಿಯೂ ಪಾಪು ಎಂದಳು. ಅಪ್ಪನ ಹೆಸರಿಟ್ಟುಕೊಂಡವನನ್ನು ಗದರುವುದು ಹೇಗೆಂದು ಅಪ್ಪ ಬರೀ ‘ಲೋ’ ಎಂದರು. ಶಾಲೆಗೆ ಸೇರಿದ ಮೊದಲ ವಾರವೆಲ್ಲ ಮೇಷ್ಟ್ರು ವೆಂಕಟಸುಬ್ಬಯ್ಯ ಎಂದು ಹಾಜರಿ ಕೂಗುತ್ತಿದ್ದರು, ನಾನು ಯಾರೋ ಪಾಪದ ಹುಡುಗ ದಿನಾ ಚಕ್ಕರ್ ಹೊಡೆಯುತ್ತಿದ್ದಾನೆ ಅಂದುಕೊಂಡು ಆರಾಮಾಗಿ ಕೂತಿರುತ್ತಿದ್ದೆ. ಗೌರವ ಹೆಚ್ಚಾದರೆ ಹೆಸರಿದ್ದೂ ಇಲ್ಲದ ಹಾಗೆ. ಈ ಮಾತು ನನಗೆ ಆಗಲೇ ಹೊಳೆದಿದ್ದರೆ ಚೆನ್ನಾಗಿತ್ತು. ಹೊಳೆಯಲಿಲ್ಲ.

ಉಳಿದ ನಲವತ್ತು ಹೆಸರುಗಳನ್ನು ಹಿಡಿದು ನಾವು ದಿನಾ ಸಾಯಂಕಾಲ ಬೇಲಿಯ ಹತ್ತಿರ ಹಾಜರಾಗತೊಡಗಿದೆವು. ನೋರಾ ಆಂಟಿ ಮರಿಯನ್ನು ಸೊಂಟದ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಬ್ರೆಂಡನ್ ಎಂದರೆ, “ಆ ಹೆಸರಿನವನೊಬ್ಬ ನಮ್ಮೂರಲ್ಲಿ ಕೋಳಿ ಕದೀತಿದ್ದ.” ಕಿಲಿಯನ್ ಎಂದರೆ, “ಹಲ್ಲಿನ ಡಾಕ್ಟರ್ ಇದ್ದ ಹಾಗಿದೆ.” ರೋನನ್ ಎಂದರೆ, “ಮುಟ್ಟಿದರೆ ಅಳೋ ಹುಡುಗ.” ಅನಘಾ ಇದ್ದಕ್ಕಿದ್ದಂತೆ ಉತ್ಸಾಹ ಬಂದು ‘ಲಕ್ಕಿ’ ಎಂದಿಟ್ಟರೆ ಹೇಗೆ ಎಂದಳು. ನಾನು ಸುಮ್ಮನಿರಲಾರದೆ ‘ಕೆಂಚ’ ಎಂದೆ. “ಅಪ್ಪಾ, ದಟ್ಸ್ ಸೋ ನಾಟ್ ಐರಿಷ್!” ಎಂದು ಅವಳೇ ನನ್ನನ್ನು ಗದರಿದಳು.

ಆಂಟಿ ಸುಳಿವು ಕೊಡುತ್ತಲೂ ಇದ್ದರು. “ಚಿಕ್ಕದಿರಲಿ, ಆದರೆ ಕೂಗಿದರೆ ಆ ಮೂಲೆ ಮನೆಗೂ ಕೇಳಬೇಕು,” ಎಂದರು ಒಂದು ದಿನ. ಇನ್ನೊಂದು ದಿನ, “ಈ ಹಿತ್ತಲಿಗೆ ಪರಿಚಯ ಇರೋ ಹೆಸರಾದರೆ ಒಳ್ಳೇದು,” ಎಂದರು. ಇದೇನು ಮುದುಕಿ ಒಗಟು ಹಾಕುತ್ತದಲ್ಲ ಎಂದುಕೊಂಡೆ. ಮತ್ತೊಂದು ಸಾಯಂಕಾಲ ಅವರೇ ಮಾತಿನ ನಡುವೆ, “ನಮ್ಮ ಫರ್ಗಸ್ ಇದ್ದಿದ್ದರೆ...” ಎಂದು ಶುರುಮಾಡಿದಾಗ ಅನಘಾ ಗಾಬರಿಯಿಂದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಯಿಯ ಮಾತು ಬಂದಾಗ ಅಂಕಲ್ ಹೆಸರು ಎತ್ತಲೇ ಕೂಡದು ಎಂದು ವತ್ಸಲಾ ಅವಳಿಗೆ ಅಷ್ಟು ಬಿಗಿಯಾಗಿ ಹೇಳಿಟ್ಟಿದ್ದಳು. ನೋರಾ ಆಂಟಿ ಅವಳ ಮುಖ ನೋಡಿದರು, ಮಾತು ಅಲ್ಲಿಗೇ ಬಿಟ್ಟರು, ಮರಿಗೆ ಹಸಿವಾಗಿದೆ ಎಂದು ಒಳಗೆ ಹೋದರು.

ಹದಿನೇಳನೆಯ ದಿನ ಭಾನುವಾರ. ಮಂಗಳವಾರ ಅವರ ಪ್ರಯಾಣ. ನಾವು ಶೇಮಸ್ ಎಂದು ತೀರ್ಮಾನಿಸಿದೆವು. ಹೆಸರಿಡುವುದೇ ಆದರೆ ಸರಿಯಾಗಿ ಇಡೋಣ ಎಂದು ವತ್ಸಲಾ ಶ್ಯಾವಿಗೆ ಪಾಯಸ ಮಾಡಿದಳು. ತೊಟ್ಟಿಲು ಎಲ್ಲಿಂದ ತರುವುದು, ಬಟ್ಟೆ ಒಗೆಯಲು ಹಾಕುವ ಬುಟ್ಟಿಗೆ ಹಳೇ ಸೀರೆ ಹಾಸಿ ಮರಿಯನ್ನು ಮಲಗಿಸಿದೆವು. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ನಾನು ಅಕ್ಕಿಯ ಮೇಲೆ ಇಂಗ್ಲಿಷಿನಲ್ಲಿ ಶೇಮಸ್ ಎಂದು ಬರೆದೆ. ನೋರಾ ಆಂಟಿ ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಬಂದಿದ್ದರು. ಬಗ್ಗಿ ನೋಡಿದರು.

“ಒಳ್ಳೇ ಹೆಸರು,” ಎಂದರು. ಆಮೇಲೆ ಪಾಯಸದ ಬಟ್ಟಲನ್ನು ಕೆಳಗಿಟ್ಟರು. ನೋಡುತ್ತೇನೆ, ಕಣ್ಣಲ್ಲಿ ನೀರು.

“ನಿಮಗೆಲ್ಲ ಅವನನ್ನ ಕಂಡರೆ ಇಷ್ಟ ಅಂದುಕೊಂಡಿದ್ದೆ.”

“ಯಾರನ್ನ ಆಂಟೀ?”

“ಫರ್ಗಸ್‌ನ. ಐರಿಷ್ ಹೆಸರು ಬೇಕು ಅಂದರೆ ನನ್ನ ಮನಸ್ಸಲ್ಲಿ ಎಷ್ಟು ಹೆಸರಿದ್ದೀತು? ನಲವತ್ತು ಹೆಸರು ಓದಿದಿರಿ, ಅವನದ್ದೊಂದು ಬಿಟ್ಟು. ಆ ಮಗು ಅವನ ಹೆಸರು ಕೇಳಿದರೇ ಬಾಯಿ ಮುಚ್ಕೊಳ್ತಾಳೆ. ಅವನಿಂದ ಏನು ತಪ್ಪಾಯ್ತಪ್ಪ ನಿಮಗೆ?”

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ವತ್ಸಲಾ ಅವರ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು, ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ನಮ್ಮಲ್ಲಿ ಹಿರಿಯರ ಹೆಸರನ್ನು ನಾಯಿಗಿಡುವುದೆಂದರೆ ಅವಮಾನ, ಗೌರವಕ್ಕೋಸ್ಕರವೇ ಅದನ್ನು ಮೊದಲು ಹೊಡೆದು ಹಾಕಿದ್ದು ಎಂದಳು.

“ಗೌರವವಾ?” ಎಂದರು ಆಂಟಿ. ಅಳುತ್ತಿದ್ದವರು ನಗತೊಡಗಿದರು. “ನಲವತ್ತೆಂಟು ವರ್ಷ ದಿನಕ್ಕೆ ನಲವತ್ತು ಸಲ ಅವನನ್ನ ಕೂಗಿ ಬೈದಿದ್ದೀನಿ ಕಣಮ್ಮ. ನಲ್ಲಿ ನಿಲ್ಲಿಸು, ಹ್ಯಾಟು ಹಾಕ್ಕೋ, ಮಾತ್ರೆ ತಗೋ. ಈಗ ಎರಡು ವರ್ಷದಿಂದ ಬ್ಯಾಂಕಿನವರು, ಕೌನ್ಸಿಲ್‌ನವರು ಅವನ ಹೆಸರನ್ನ ಕಾಗದದಲ್ಲಿ ಬರೀತಾರೆ. ಬಹಳ ಗೌರವದಿಂದಲೇ ಬರೀತಾರೆ. ಯಾರೂ ಕೂಗೋದಿಲ್ಲ.”

ವತ್ಸಲಾ ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿ, ಉಂಗುರವನ್ನು ನೋರಾ ಆಂಟಿಯ ಕೈಗೆ ಕೊಟ್ಟಳು. ಅವರು ನಿಧಾನವಾಗಿ ಇಂಗ್ಲಿಷಿನ ಆರೂ ಅಕ್ಷರ ಬರೆದರು. ಮರಿಯ ಕಿವಿಯಲ್ಲಿ ಮೂರು ಸಲ ಹೇಳಬೇಕು ಎಂದು ಅನಘಾ ತಿಳಿಸಿದಳು. ಅವರು ಬಗ್ಗಿ ಹೇಳಿದರು. ಮೂರನೆಯ ಸಲಕ್ಕೆ ಫರ್ಗಸ್ ಮರಿ ಆಂಟಿಯ ಮೂಗು ನೆಕ್ಕಿ, ಬುಟ್ಟಿಯಿಂದ ಇಳಿದು, ಅಕ್ಕಿಯ ತಟ್ಟೆಯ ಮೇಲೆ ನಡೆದುಕೊಂಡು ಹೋಯಿತು.

ಹೆಸರಿಟ್ಟದ್ದೇನೋ ಆಯಿತು, ಕರೆಯುವವರು ಕರೆಯಬೇಕಲ್ಲ! ವತ್ಸಲಾಳ ಪಾಡು ಕೇಳಬೇಡಿ. ಮೊದಲ ಒಂದು ತಿಂಗಳು ಅವಳು ನಾಯಿಗೆ ಬಹುವಚನ ಬಿಟ್ಟು ಮಾತಾಡಲಿಲ್ಲ. “ಫರ್ಗಸ್, ಸೋಫಾದಿಂದ ಕೆಳಗಿಳೀರಿ.” “ಫರ್ಗಸ್, ಚಪ್ಪಲಿ ಕಚ್ಚಬೇಡೀಂದ್ರೆ!” ಒಂದು ದಿನ ಹೆಸರು ಹೇಳಲು ಮರೆತು “ಊಟಕ್ಕೆ ಏಳ್ತೀರಾ?” ಎಂದಾಗ ನಾನೂ ನಾಯಿಯೂ ಇಬ್ಬರೂ ಎದ್ದು ಹೋದೆವು. ತಟ್ಟೆ ಅವನದೇ ಮೊದಲು ತುಂಬಿತು.

ಮುಂದಿನ ಈಸ್ಟರ್ ರಜೆಯಲ್ಲಿ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮೆಲ್ಬರ್ನಿಗೆ ಹೋದೆವು. ಇಡೀ ದಿನದ ದಾರಿ, ಅವನು ಮೂರು ಸಲ ವಾಂತಿ ಮಾಡಿದ. ಮೊಮ್ಮಗುವಿನ ಉಬ್ಬಸದಿಂದಾಗಿ ಮನೆಯೊಳಗೆ ಬಿಡುವ ಹಾಗಿಲ್ಲ. ಪಾಯಿಂಟ್ ಕುಕ್‌ನ ಮನೆಗಳು ಮುಗಿಯುವ ಕಡೆ ನಾಯಿಗಳನ್ನು ಬಿಚ್ಚಿ ಬಿಡಬಹುದಾದ ಒಂದು ಮೈದಾನವಿತ್ತು. ನೋರಾ ಆಂಟಿ ಕೋಲೂರಿಕೊಂಡು ಅಲ್ಲಿಗೆ ಬಂದರು. ಮೊದಲಿಗಿಂತ ಇಳಿದು ಹೋಗಿದ್ದರು, ಮಾತೂ ಮೆತ್ತಗಾಗಿತ್ತು. ಮಗಳ ಮನೆಯಲ್ಲಿ ಜೋರಾಗಿ ಮಾತಾಡುವ ಪ್ರಸಂಗವೇ ಬರುವುದಿಲ್ಲ, ಎಲ್ಲರೂ ಬಹಳ ಒಳ್ಳೆಯವರು ಎಂದರು. ಬೆಂಚಿನ ಮೇಲೆ ಕೂತು ಹಗ್ಗ ಬಿಚ್ಚಿದೆವು. ಫರ್ಗಸ್ ಒಂದೇ ಓಟಕ್ಕೆ ಮೈದಾನದ ಆ ತುದಿಗೆ ಹೋಗಿ ಯಾವುದೋ ಪೊದೆಯಲ್ಲಿ ಮೂತಿ ತೂರಿಸಿ ನಿಂತ.

“ಫರ್ಗಸ್!” ಎಂದರು ಆಂಟಿ. ಅವನು ತಿರುಗಲಿಲ್ಲ.

“ನೋಡಿದಿರಾ? ಒಂದು ಸಲ ಕರೆದರೆ ಬಂದ ಗಂಡಸೇ ಅಲ್ಲ,” ಎಂದು ನಮ್ಮ ಕಡೆ ತಿರುಗಿ ಹೇಳಿ, ಕೋಲು ಹಿಡಿದು ಎದ್ದು ನಿಂತರು. “ಫರ್ಗಸ್! ಬಾ ಇಲ್ಲಿ! ಏನು ತಿಂತಿದ್ದೀಯ ಅಲ್ಲಿ? ಫರ್ಗಸ್!” ಸ್ವರ ಏರತೊಡಗಿತು. ಮೈದಾನದಲ್ಲಿದ್ದ ಎರಡು ಮೂರು ನಾಯಿಗಳು, ಅವುಗಳ ಮಾಲೀಕರು, ಎಲ್ಲರೂ ತಿರುಗಿ ನೋಡಿದರು. ಆಂಟಿಯ ಮುಖ ಕೆಂಪಾಗಿತ್ತು, ಹ್ಯಾಟು ಪಕ್ಕಕ್ಕೆ ಸರಿದಿತ್ತು, ದನಿ ಒಡೆಯುತ್ತಿತ್ತು. ಪಾಪ, ಇಷ್ಟು ವಯಸ್ಸಾದವರು ಯಾಕೆ ಆಯಾಸ ಮಾಡಿಕೊಳ್ಳಬೇಕು, ನಾನೇ ಹೋಗಿ ಹಿಡಿದು ತರೋಣ ಎಂದು ಎದ್ದೆ.

ವತ್ಸಲಾ ನನ್ನ ಅಂಗಿ ಹಿಡಿದು ಜಗ್ಗಿದಳು.

“ಸುಮ್ನೆ ಕೂತ್ಕೊಳ್ರೀ,” ಎಂದಳು ಮೆಲ್ಲಗೆ. “ಇನ್ನೂ ನಾಲ್ಕು ಸಲ ಕೂಗ್ಲಿ.”

ನಾನು ಕೂತೆ.