ಪಾಯರಿ, ಕಳಸ ಮತ್ತು ಎರಡು ಲೆನ್ಸು

ಆ ಎರಡು ಲೆನ್ಸುಗಳಲ್ಲಿ ಉದ್ದನೆಯದು ಈಗಲೂ ನನ್ನ ಕಪಾಟಿನಲ್ಲಿದೆ. ಅದರ ಉಂಗುರ ತಿರುಗಿಸಿದರೆ ಕರಕರ ಎನ್ನುತ್ತದೆ. ಒಳಗೆ ಸೇರಿಕೊಂಡಿರುವುದು ಪಂಢರಪುರದ ಬುಕ್ಕಾ. ಅಲ್ಲಿ ಭಕ್ತರ ಹಣೆಗೆ ಹಚ್ಚುವ, ಏಕಾದಶಿಯ ದಿನ ಹಿಡಿ ತುಂಬಿ ಮೇಲಕ್ಕೆ ತೂರುವ, ಪರಿಮಳದ ಕಪ್ಪು ಪುಡಿ. ಎಷ್ಟು ಒರೆಸಿದರೂ ಹೋಗಲಿಲ್ಲ. ಈಗ ಒರೆಸುವುದನ್ನೇ ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಸೊಲ್ಲಾಪುರದ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅದಕ್ಕೂ ಮೊದಲು ಮ್ಯಾಟ್ರಿಕ್‌ವರೆಗೆ ಓದಿದ್ದು ಅಕ್ಕಲಕೋಟೆಯಲ್ಲಿ, ಅಕ್ಕನ ಗಂಡನ ಮನೆಯಲ್ಲಿದ್ದು. ಅಕ್ಕನ ಅತ್ತೆಯನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಸೊಸೆಯ ತಮ್ಮನೆಂದರೆ ಬೇರೆ ಮನೆಗಳಲ್ಲಿ ಮೂಲೆಯಲ್ಲಿ ಮೈ ಕುಗ್ಗಿಸಿ ಕೂಡಬೇಕಾದವನು. ಆಯಿ ನನಗೆ ಒಲೆಯ ಮುಂದೆ ತಮ್ಮ ಪಕ್ಕದಲ್ಲೇ ಮಣೆ ಹಾಕಿ, ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನನ್ನ ತಾಟಿಗೇ ಹಾಕುತ್ತಿದ್ದರು. ಮೇಲೆ ಶೇಂಗಾ ಚಟ್ನಿ, ಅದರ ನಡುವೆ ಬೆರಳಿನಿಂದ ಕುಳಿ ಮಾಡಿ ಎಣ್ಣೆ.

ಅಕ್ಕನಿಗೆ ಮುಜುಗರ. "ಮದಲ ಮನಿ ಗಂಡಸ್ರಿಗೆ ಹಾಕ್ರಿ ಆಯಿ" ಎನ್ನುತ್ತಿದ್ದಳು.

"ಮತ್ತ ಇಂವೇನು ಹೆಣ್ಮಗಳೇನ?" ಎಂದು ಆಯಿ ಇನ್ನೊಂದು ರೊಟ್ಟಿ ಬಡಿಯುತ್ತಿದ್ದರು.

ಆಯಿ ಪ್ರತಿ ಆಷಾಢಕ್ಕೆ ದಿಂಡಿಯ, ಎಂದರೆ ಭಜನೆ ಮಾಡುತ್ತ ಹೋಗುವ ಯಾತ್ರಿಕರ ತಂಡದ, ಜೊತೆ ನಡೆದು ಪಂಢರಪುರಕ್ಕೆ ಹೋಗುತ್ತಿದ್ದವರು. ಹೋದರೂ ದೇವರ ಮೂರ್ತಿಯ ಸಾಲಿನಲ್ಲಿ ಎಂದೂ ನಿಂತವರಲ್ಲ. ಮಹಾದ್ವಾರದ ಮೊದಲ ಮೆಟ್ಟಿಲಿಗೆ, ಅದನ್ನು ಅಲ್ಲಿ ಪಾಯರಿ ಎನ್ನುತ್ತಾರೆ, ತಲೆ ಇಡುವುದು. ಆಮೇಲೆ ಓಣಿಯಲ್ಲಿ ಹಿಂದೆ ಸರಿದು ಶಿಖರದ ಕಳಸಕ್ಕೆ ಕಣ್ಣೆತ್ತುವುದು. ಒಳಗೆ ಹೋಗಲಾಗದ ಸಾವಿರಾರು ಮಂದಿಗೆ ಅದೇ ಪೂರ್ಣ ದರ್ಶನ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಆಯಿಗೆ ಆ ಹಾದಿ ಮುಚ್ಚಿತು. ಪಡಸಾಲೆಯ ಹೊರಸು ಬಿಟ್ಟು ಏಳುವಂತಿರಲಿಲ್ಲ. ಕಣ್ಣಿನಲ್ಲಿ ಪೊರೆ ಬಂದಿತ್ತು, ದಪ್ಪ ಕನ್ನಡಕ.

ನಾನು ಒಂದು ಹಳೆಯ ಕ್ಯಾಮೆರಾ ಕೊಂಡ ಸುದ್ದಿ ಕೇಳಿ ಅವರು ಕರೆದು ಕೂಡಿಸಿಕೊಂಡರು.

"ಫೋಟೋ ತಗಿಯಾಂವ ಆಗಿಯಲಾ, ನಂದೊಂದು ಕೆಲಸ ಮಾಡು. ಪಂಢರಪುರಕ್ಕ ಹೋಗು. ಪಾಯರಿ ಮ್ಯಾಗ ನನ್ನ ಬದಲಿ ನೀ ತಲಿ ಇಡು. ಆಮ್ಯಾಲ ಹಿಂದಕ್ಕ ಸರದು, ಪಾಯರಿ ಕಳಸ ಎರಡೂ ಕೂಡೇ ಕಾಣೂಹಂಗ ಒಂದು ಫೋಟೋ ತಗೊಂಡ ಬಾ. ಮದಲ ತಲಿ ಮತ್ತ. ಫೋಟೋ ಆಮ್ಯಾಲ."

"ಹೂಂ ಆಯಿ" ಎಂದೆ. ಅಷ್ಟು ಹೊತ್ತಿಗಾಗಲೇ ನನ್ನ ತಲೆಯಲ್ಲಿ ಲೆನ್ಸು ಹೊಕ್ಕಿತ್ತು.

ಕ್ಯಾಮೆರಾದ ಜೊತೆ ಬಂದ ಸಾದಾ ಲೆನ್ಸಿನಲ್ಲಿ ಆ ಇಕ್ಕಟ್ಟಿನ ಓಣಿಯಿಂದ ಪಾಯರಿ, ಕಳಸ ಎರಡೂ ಹಿಡಿಸುವಂತಿರಲಿಲ್ಲ. ಸೊಲ್ಲಾಪುರದ ನವೀಪೇಠದಲ್ಲಿ ನನ್ನ ಫಿಲ್ಮ್ ರೋಲುಗಳನ್ನು ತೊಳೆದುಕೊಡುತ್ತಿದ್ದ ಸ್ಟುಡಿಯೋದ ಮಾಲಕ ಸಾಮಾನಿಗಾಗಿ ಆಗಾಗ ಮುಂಬೈಗೆ ಹೋಗುತ್ತಿದ್ದ. ನಾನು ಕೂಡಿಟ್ಟ ಹಣಕ್ಕೆ ಒಂದು ಹೊಸ ಝೂಮ್ ಲೆನ್ಸಾದರೂ ಬರುತ್ತದೆ, ಇಲ್ಲವೇ ಹಳೆಯ ಲೆನ್ಸು ಎರಡು ಬರುತ್ತವೆ, ಒಂದು ಅಗಲ ಹಿಡಿಯುವುದು, ಒಂದು ದೂರದ್ದನ್ನು ಹತ್ತಿರ ತರುವುದು, ಯಾವುದು ತರಲಿ ಎಂದು ಕೇಳಿದ.

"ಝೂಮ್ ತಗೋರಿ ಸಾಹೇಬ್ರ" ಎಂದ. "ಇತ್ತ ತಿರಿವಿದ್ರ ಅಗಲ, ಅತ್ತ ತಿರಿವಿದ್ರ ದೂರ. ತಿರುಗ್ಯಾಡೂ ಮನಶ್ಯಾಗ ಒಂದ ಸಾಕು."

"ಅದರಾಗ ಬೆಳಕು ಕಡಿಮಿ ಅಂತ ನೀವ ಅಂದಿದ್ರಿ. ಅಂಚಿನ ಗೆರಿ ಸೊಟ್ಟ ಆಗ್ತಾವಂತ."

"ಆಗ್ತಾವ. ಶಿಖರ ಸ್ವಲ್ಪ ಡೊಂಕಾದ್ರ ದೇವ್ರೇನು ಜಾರಿ ಬೀಳ್ತಾನೇನ್ರಿ?"

"ಎರಡಿದ್ರ ಎರಡೂ ಕೆಲಸ ಚೊಕ್ಕ ಆಗ್ತಾವ."

"ಹಂಗಾರ ಮದಲ ಲಗ್ನ ಆಗ್ರಿ. ಒಂದು ಲೆನ್ಸು ನೀವು ಹಿಡೀರಿ, ಇನ್ನೊಂದು ಅವರು ಹಿಡೀಲಿ."

ನಾನು ಹೇಳಿದ ಕಾರಣಗಳೆಲ್ಲ ನಿಜವೇ. ಆ ಕಾಲದ ಝೂಮ್ ಲೆನ್ಸುಗಳು ಮಬ್ಬಾಗಿದ್ದವು, ಭಾರವೂ ಇದ್ದವು. ಆದರೆ ಹೇಳದ ಕಾರಣ ಬೇರೆ ಇತ್ತು. ಮಿಲ್ಲಿನ ಒಂದು ಸಮಾರಂಭಕ್ಕೆ ಮುಂಬೈಯಿಂದ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಹೆಗಲಿಗೆ ಚರ್ಮದ ಚೀಲ. ನಡುವೆ ಒಂದು ಲೆನ್ಸು ತಿರುಗಿಸಿ ಬಿಚ್ಚಿ, ಇನ್ನೊಂದನ್ನು ಟಕ್ಕೆಂದು ಕೂಡಿಸಿದ. ನಮ್ಮ ಮ್ಯಾನೇಜರರೂ ಮಾತು ನಿಲ್ಲಿಸಿ ಅವನ ಕೈಗಳನ್ನೇ ನೋಡಿದರು. ನನ್ನ ಕೈಗಳನ್ನೂ ಜನ ಹಾಗೆ ನೋಡಬೇಕು ಎನಿಸಿಬಿಟ್ಟಿತ್ತು. ಝೂಮ್ ಲೆನ್ಸು ತಿರುಗಿಸುವವನನ್ನು ಯಾರು ನೋಡುತ್ತಾರೆ? ಎರಡು ತರಿಸಿದೆ. ಚರ್ಮದ ಚೀಲವನ್ನೂ ತರಿಸಿದೆ.

ಶನಿವಾರ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋಗಿ ಆಯಿಯ ಕೈಗೆ ಉದ್ದ ಲೆನ್ಸು ಕೊಟ್ಟೆ.

"ಇದೇನು, ಜ್ವಾಳ ಅಳಿಯೂ ಮಾಪೇನ?" ಎಂದು ತಿರುವಿ ನೋಡಿದರು.

ಕಳಸವನ್ನು ಇದರಲ್ಲಿ ದೊಡ್ಡದಾಗಿ ತೆಗೆಯುತ್ತೇನೆ, ಪಾಯರಿಯನ್ನು ಇನ್ನೊಂದರಲ್ಲಿ ಬೇರೆ ತೆಗೆಯುತ್ತೇನೆ, ಎರಡೂ ಒಂದರಲ್ಲೇ ತೆಗೆದರೆ ಕಳಸ ಜೋಳದ ಕಾಳಿನಷ್ಟಾಗುತ್ತದೆ ಎಂದು ವಿವರಿಸಿದೆ.

"ಕಾಳಿನಷ್ಟ ಇರಲಿ. ಎರಡೂ ಕೂಡೇ ಬೇಕು."

"ನಿಮ್ಮ ಕಣ್ಣಿಗೆ ಕಾಣಬೇಕಲ್ರಿ ಆಯಿ" ಎಂದು ನಕ್ಕೆ. ಆಯಿ ಲೆನ್ಸು ಮರಳಿ ಕೊಟ್ಟರು. ಇಷ್ಟು ವರ್ಷಗಳ ಮೇಲೂ ನನ್ನ ಆ ನಗು ನನಗೆ ಕೇಳಿಸುತ್ತದೆ.

ಕಾರ್ತಿಕ ಏಕಾದಶಿಗೆ ಹೋದೆ. ಓಣಿಯಲ್ಲಿ ನಿಂತು ಉದ್ದ ಲೆನ್ಸಿನಲ್ಲಿ ಕಳಸ ತೆಗೆದೆ. ಜನರ ನಡುವೆ ನುಗ್ಗಿ ಪಾಯರಿಯ ಮುಂದೆ ಬಂದೆ. ತಲೆ ಇಡಬೇಕಾದ ಜಾಗ ಒಂದು ಮಾರು ದೂರದಲ್ಲಿತ್ತು. ನಾನು ಚೀಲ ತೆರೆದು, ಎಲ್ಲರಿಗೂ ಕಾಣುವಂತೆ ಲೆನ್ಸು ಬಿಚ್ಚಿದೆ. ಇಬ್ಬರು ಮೂವರು ನಿಂತು ನೋಡಿದರು, ಸುಳ್ಳು ಹೇಳಬಾರದು, ಖುಷಿಯಾಯಿತು. ಅಷ್ಟರಲ್ಲಿ ತಾಳ ಬಾರಿಸುತ್ತ ಒಂದು ದಿಂಡಿ ಬಂತು. ಯಾರೋ ಹಿಡಿ ತುಂಬ ಬುಕ್ಕಾ ಮೇಲಕ್ಕೆ ತೂರಿದರು. ಬಿಚ್ಚಿದ ಉದ್ದ ಲೆನ್ಸು ಒಂದು ಕೈಯಲ್ಲಿ, ನನ್ನ ಕ್ಯಾಮೆರಾ ಬಾಯಿ ತೆರೆದುಕೊಂಡು ನಿಂತಿತ್ತು.

ಅದನ್ನು ಹೊಟ್ಟೆಗೆ ಅವಚಿಕೊಂಡು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಪಂಚೆಯ ಸೆರಗಿನಿಂದ ಒರೆಸತೊಡಗಿದೆ. ನಾನು ಬಾಗಿದ್ದನ್ನು ಭಕ್ತಿಯೆಂದು ತಿಳಿದು ದಿಂಡಿಯ ಒಬ್ಬ ಮುದುಕ ವಾರಕರಿ "ಮಾವುಲೀ", ಎಂದರೆ ತಾಯೀ, ಎನ್ನುತ್ತ ನನ್ನ ಕಾಲು ಮುಟ್ಟಿದ. ವಾರಕರಿಗಳು ಒಬ್ಬರಿಗೊಬ್ಬರು ಹಾಗೆ ನಮಸ್ಕರಿಸುತ್ತಾರೆ. ತಿರುಗಿ ನಾನೂ ಅವನ ಕಾಲು ಮುಟ್ಟಬೇಕು. ನಾನು ತಲೆ ಎತ್ತದೆ, "ಥಾಂಬಾ ಹೋ, ಜರಾ ಥಾಂಬಾ", ಸ್ವಲ್ಪ ತಡೀರಿ, ಎಂದೆ. ಅವನು ಸ್ವಲ್ಪ ಹೊತ್ತು ತಾಳಿ ನೋಡಿ, ನನ್ನನ್ನು ಬಳಸಿಕೊಂಡು ಹೋಗಿ ಪಾಯರಿಗೆ ತಲೆ ಇಟ್ಟ.

ಅಗಲದ ಲೆನ್ಸು ಹಾಕಿ ಪಾಯರಿಯ ಫೋಟೋ ತೆಗೆದು ಬಸ್ಸು ಹಿಡಿದೆ. ಸೊಲ್ಲಾಪುರದ ಹಾದಿಯಲ್ಲಿ ಮೋಹೋಳ ದಾಟಿದ ಮೇಲೆ ನೆನಪಾಯಿತು, ನಾನು ತಲೆ ಇಟ್ಟಿರಲಿಲ್ಲ.

ಪ್ರಿಂಟು ಹಾಕಿದಾಗ ಕಳಸದ ಫೋಟೋ ಕನ್ನಡಿಯಂತೆ ಬಂತು. ಅದರ ಮುಂದಿನವುಗಳ ಮೇಲೆಲ್ಲ ಕಪ್ಪು ಚುಕ್ಕಿ. "ಸಾಹೇಬ್ರ, ಪಾಯರಿ ಮ್ಯಾಲ ಇರಿವಿ ಬಿಟ್ಟಿದ್ರೇನ್ರಿ?" ಎಂದ ಸ್ಟುಡಿಯೋದವ.

ಅಕ್ಕಲಕೋಟೆಯಲ್ಲಿ ಆಯಿ ಕಳಸದ ಫೋಟೋವನ್ನು ಕನ್ನಡಕಕ್ಕೆ ಒತ್ತಿ ಹಿಡಿದರು. "ಹೌದು, ಕಳಸ. ಎಲ್ಲಿ ನಿಂತಿದ್ದಿ? ಗುಬ್ಬಿಯಾಗಿ ಹಾರಿ ಹೋಗಿದ್ದೇನ?" ಎಂದು ನಕ್ಕು ಬದಿಗಿಟ್ಟರು. ಪಾಯರಿಯ ಫೋಟೋದ ಮೇಲೆ ಬೆರಳಾಡಿಸಿ, ಈ ಚುಕ್ಕಿ ಏನೆಂದು ಕೇಳಿದರು. ಬುಕ್ಕಾ ಒಳಗೆ ಹೊಕ್ಕಿತು ಎಂದೆ. ಹೌದಾ ಎಂದವರೇ ಫೋಟೋವನ್ನು ಹಣೆಗೆ ಒತ್ತಿಕೊಂಡರು. ಹಾಗೇ ಕೇಳಿದರು:

"ತಲಿ ಇಟ್ಟಿ?"

"ಹೂಂ."

"ಪಾಯರಿ ತಣ್ಣಗಿತ್ತೇನು?"

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಮುಖ ನೋಡಿದಳು.

"ಇಟ್ಟಿಲ್ರಿ ಆಯಿ. ಲೆನ್ಸು ಬದಲಿ ಮಾಡಾಕತ್ತಿದ್ದೆ. ಮರತೆ."

ಆಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಅಕ್ಕನಿಗೆ, "ಇಂವಗ ರೊಟ್ಟಿ ಹಾಕು, ಬಿಸಿ ಐತಿ" ಎಂದರು. ನನಗೆ, "ಮತ್ತ ಹೋಗು. ಪಾಯರಿ ಎಲ್ಲಿ ಓಡಿ ಹೋಗತೈತಿ?" ಎಂದರು. ಅಷ್ಟೇ. ಅವತ್ತು ಅವರು ಬೈದಿದ್ದರೆ ನಾನು ಊಟ ಬಿಟ್ಟು ಎದ್ದು ಹೋಗಿ, ನನ್ನದೇನೂ ತಪ್ಪಿಲ್ಲವೆಂದು ಜೀವನವಿಡೀ ನಂಬಿಕೊಂಡು ಇರುತ್ತಿದ್ದೆನೇನೋ. ನನ್ನನ್ನು ಅದರಿಂದ ಉಳಿಸಿದ ಆ ರೊಟ್ಟಿಯನ್ನು ನೆನೆಯದೆ ನಾನು ಇಂದಿಗೂ ಊಟಕ್ಕೆ ಕೂಡುವುದಿಲ್ಲ.

ಚಳಿ ಬಿದ್ದ ಮೇಲೆ ಒಂದು ಸಾದಾ ದಿನ ಮತ್ತೆ ಹೋದೆ. ಉದ್ದ ಲೆನ್ಸು, ಚರ್ಮದ ಚೀಲ ಎರಡನ್ನೂ ಮನೆಯಲ್ಲಿ ಬಿಟ್ಟು, ಅಗಲದ್ದನ್ನು ಮೊದಲೇ ಹಾಕಿಕೊಂಡು ಹೋದೆ. ಮೊದಲು ಪಾಯರಿಗೆ ತಲೆ ಇಟ್ಟೆ. ಹಿಂದೆ ಸರಿದು, ಓಣಿಯ ನೆಲಕ್ಕೆ ಮೊಣಕಾಲೂರಿ, ಕೆಳಗೆ ಪಾಯರಿ, ಮೇಲೆ ಕಳಸ, ಎರಡೂ ಕೂಡಿ ಒಂದೇ ಫೋಟೋ ತೆಗೆದೆ. ನಾನು ಹೇಳಿದ್ದು ಸರಿಯೇ ಇತ್ತು, ಕಳಸ ಜೋಳದ ಕಾಳಿನಷ್ಟೇ ಬಂದಿತ್ತು.

ಆಯಿ ಅದನ್ನು ಹಿಡಿದು ಕೂತರು. ಕಳಸ ಕಾಣುತ್ತದೆಯೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೇ ಬೆರಳು ತಂದು ಸರಿಯಾಗಿ ಆ ಕಾಳಿನ ಮೇಲೆ ಇಟ್ಟರು.

"ಅಲ್ಲಿಂದ ಇದು ಇಷ್ಟ ಸಣ್ಣದ ಕಾಣತೈತಿ, ತಮ್ಮಾ."

"ಪಾಯರಿ ತಣ್ಣಗಿತ್ರಿ ಆಯಿ" ಎಂದೆ.

"ಥಂಡ್ಯಾಗ ಹಂಗ. ಆಷಾಢದಾಗ ಹಸಿ ಇರತೈತಿ" ಎಂದು ಆಯಿ ಫೋಟೋವನ್ನು ದಿಂಬಿನ ಬದಿಗೆ ಆನಿಸಿ ನಿಲ್ಲಿಸಿದರು. "ಮುಂದ ಆಷಾಢದಾಗ ಹೋಗಿ ನೋಡಿ ಬಾ."