ಅಳತಿ ಜಂಪರಿನ ಗಂಟು

ಬೆಟಗೇರಿಯ ಆ ಎರಡು ಕೋಣೆಯ ಮನೆಯನ್ನು ನಾವು ಕೊಂಡದ್ದು ಬಾಡಿಗೆಗೆ ಕೊಡಲೆಂದು. ನಾನು ಮುಂಡರಗಿಯ ಶಾಲೆಯಿಂದ ಆಗಷ್ಟೇ ನಿವೃತ್ತಳಾಗಿದ್ದೆ. ನಮ್ಮ ಯಜಮಾನರಿಗೆ ಹುಲಕೋಟಿಯ ಕಡೆ ಪ್ಲಾಟು ಹಿಡಿಯುವ ಮನಸ್ಸಿತ್ತು. ಇದೇ ಮನೆ ಬೇಕೆಂದು ಹಟ ಹಿಡಿದವಳು ನಾನು. ಕಾರಣ ಮಾತ್ರ ಹೇಳಲಿಲ್ಲ. ಅಲ್ಲಿಂದ ಎರಡು ಓಣಿ ಆಚೆ ನಮ್ಮವ್ವ ತನ್ನ ಕೊನೆಯ ವರ್ಷಗಳನ್ನು ಕಳೆದಿದ್ದಳು. ಈ ಮನೆಯ ದರ್ಜಿಯ ಹತ್ತಿರವೇ ಸೀರೆಗೆ ಜಂಪರ್ ಹೊಲಿಸುತ್ತಿದ್ದಳು.

ಮನೆ ಮಾರಿದವರು ಆ ದರ್ಜಿ ಚಾಚಾನೇ. ಕಣ್ಣು ಹೋದ ಮೇಲೆ ಹೊಲಿಗೆ ಬಿಟ್ಟು ಲಕ್ಷ್ಮೇಶ್ವರದ ತಮ್ಮನ ಮನೆ ಸೇರಿದ್ದರು. ಖರೀದಿ ಆಗುವ ಹೊತ್ತಿಗೆ ಮನೆ ಖಾಲಿ ಮಾಡಿಕೊಡಬೇಕೆಂದು ಮಾತಾಗಿತ್ತು. ಕೀಲಿ ತೆಗೆದು ನೋಡಿದರೆ ಕಾಲು ಮುರಿದ ಕುರ್ಚಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಅಟ್ಟದ ಮೇಲೆ ಚಾದರದಲ್ಲಿ ಕಟ್ಟಿದ ದೊಡ್ಡದೊಂದು ಗಂಟು. ದಲಾಲರು, ಎಲ್ಲಾ ಗುಜರಿಗೆ ಹಾಕಿಬಿಡಿ, ಇನ್ನು ಅದು ನಿಮ್ಮದೇ ಅಂದರು. ಬಣ್ಣ ಹಚ್ಚುವವರು ಬಾಗಿಲಲ್ಲಿ ಕಾಯುತ್ತಿದ್ದರು.

ನಾನು ಗಂಟು ಬಿಚ್ಚಿದೆ. ಒಳಗೆಲ್ಲ ಹಳೆಯ ಜಂಪರುಗಳು. ಹೊಸದು ಹೊಲಿಯಲಿಕ್ಕೆ ಅಳತೆಗಿರಲೆಂದು ಹೆಂಗಸರು ಕೊಟ್ಟು, ಮತ್ತೆ ಒಯ್ಯದೆ ಬಿಟ್ಟವು. ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದೆ. ಅವ್ವನದು ಇದ್ದೀತೆಂಬ ಆಸೆ. ಅವಳು ತೀರಿಕೊಂಡಾಗ, ಕಣ್ಣೆದುರು ಇದ್ದರೆ ಸಂಕಟವೆಂದು, ಬಟ್ಟೆಯನ್ನೆಲ್ಲ ವಾರದೊಳಗೆ ಹಂಚಿಬಿಟ್ಟಿದ್ದೆ. ಒಂದು ಸೆರಗಿನ ತುಂಡೂ ಉಳಿಸಿಕೊಂಡಿರಲಿಲ್ಲ. ಈಗ ಗಂಟಿನ ತಳ ಮುಟ್ಟಿದರೂ ಯಾವುದು ಅವಳದೆಂದು ಗುರುತು ಹತ್ತಲಿಲ್ಲ. ಹೆತ್ತವ್ವನ ಜಂಪರು ಗುರುತಿಸಲಾರದ ಮಗಳು ನಾನು ಎಂದು ಅಲ್ಲೇ ಧೂಳಿನಲ್ಲಿ ಕೂತೆ.

ಚಾಚಾಗೆ ಫೋನ್ ಮಾಡಿದೆ. ಬಂದು ಒಯ್ಯುತ್ತೇನೆ ಅಂದರು. ಎರಡು ವಾರವಾದರೂ ಬರಲಿಲ್ಲ. ಕೊನೆಗೆ ಗಂಟನ್ನು ನಾನೇ ಹೊತ್ತುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಅವರು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಯಾರ ಮಗಳೆಂದು ಹೇಳಿ, ಗಂಟನ್ನು ಅವರ ತೊಡೆಯ ಮೇಲಿಟ್ಟೆ. ಹೊಲಿಗೆಯ ಮೇಲೆ ಬೆರಳಾಡಿಸಿ ಒಂದೊಂದು ಯಾರದೆಂದು ಹೇಳತೊಡಗಿದರು. ಇದು ಯಳವತ್ತಿಯಿಂದ ಬರುತ್ತಿದ್ದವಳದು, ಇದು ಗುಡಿಯ ಪೂಜಾರಿಯ ಸೊಸೆಯದು, ಇದರ ಒಡತಿ ಈಗಿಲ್ಲ. ಯಾಕೆ ಬಿಟ್ಟು ಬಂದಿರೆಂದು ಕೇಳಿದೆ. ತಮ್ಮನ ಮನೆಯಲ್ಲಿ ಇಡಲು ಜಾಗವಿಲ್ಲವಂತೆ, ಎಸೆಯಲು ಕೈ ಬರಲಿಲ್ಲವಂತೆ. ಮನೆ ಕೊಂಡವರು ಎಸೆದರೆ ತನಗೆ ಕಾಣುವುದಿಲ್ಲವೆಂದು ಸುಮ್ಮನಾಗಿದ್ದರಂತೆ.

"ನಮ್ಮವ್ವಂದು ಇದರಾಗ ಐತೇನ್ರಿ, ಚಾಚಾ?"

"ಇಲ್ಲವ್ವಾ. ನಿಮ್ಮವ್ವಾರ ಕಡಿಂದ ಅಳತಿ ಜಂಪರ ಎಂದೂ ಇಸ್ಕೊಂಡಿಲ್ಲ. ಬಾಯಾಗ ಇತ್ತು."

ಅಷ್ಟು ಹೇಳಿ, ಪಾಠ ಒಪ್ಪಿಸುವವರ ಹಾಗೆ ಭುಜ ಇಷ್ಟು, ಉದ್ದ ಇಷ್ಟು, ತೋಳು ಇಷ್ಟು ಎಂದರು. ಆಮೇಲೆ, "ಎಡಗಡಿ ತೋಳು ಎರಡು ಬಟ್ಟು ಸಡ್ಲ ಬಿಡಬೇಕು" ಅಂದರು.

"ಯಾಕ್ರಿ?"

"ರಟ್ಟಿ ನೋಯ್ತೈತಿ ಅಂತಿದ್ರು. ನಿನಗ ಗೊತ್ತಿರಬೇಕಲ್ಲ."

ನನಗೆ ಗೊತ್ತಿರಲಿಲ್ಲ. ಹೋದಾಗಲೆಲ್ಲ ಅವಳು ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ಹೆರಳು ಹಾಕುತ್ತಿದ್ದಳು, ಎರಡೂ ಕೈ ಎತ್ತಿ. ಒಂದು ದಿನವೂ ನೋವೆಂದವಳಲ್ಲ. ಚಾಚಾಗೆ ನಾನು ಅಳುತ್ತಿರುವುದು ಗೊತ್ತಾಗಿರಬೇಕು. ಚಹಾ ತರಲು ಒಳಗೆ ಕೂಗಿ ಹೇಳಿ, ತಾವು ಮತ್ತೆ ಜಂಪರುಗಳನ್ನು ಮಡಚುತ್ತ ಕೂತರು.

ಇರುವವರದನ್ನಾದರೂ ಮುಟ್ಟಿಸೆಂದು ಅವರು ಕೇಳಿಕೊಂಡರು. ಗಂಟಿನೊಂದಿಗೇ ತಿರುಗಿ ಬಂದು, ಮೂವರನ್ನು ಹುಡುಕಿ ಕೊಟ್ಟೆ. ಯಳವತ್ತಿಯಾಕೆ ತನ್ನದನ್ನು ಮೈಗೆ ಹಿಡಿದು ನೋಡಿ, ನಾನು ಇಷ್ಟು ಸಣ್ಣಗಿದ್ದೆನೇ ಎಂದು ನಕ್ಕಳು. ನಕ್ಕವಳು ಅದನ್ನು ಕೈಯಿಂದ ಕೆಳಗಿಡಲಿಲ್ಲ.

ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ. ಉಳಿದ ಜಂಪರುಗಳನ್ನು ಒಗೆದು ನನ್ನ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೇನೆ. ಒಂದೂ ನನಗೆ ಸೇರಿದ್ದಲ್ಲ. ಮಳೆಗಾಲ ಕಳೆದ ಮೇಲೆ ಅಂಗಳದಲ್ಲಿ ಬಿಸಿಲಿಗೆ ಹರವಿ, ತೋಳುಗಳನ್ನು ನೆಟ್ಟಗೆ ಮಾಡಿ, ಮಡಚಿ ಇಡುತ್ತೇನೆ.