ಕಾರ್ತೇಜಿನ ಉಪ್ಪು, ಟ್ರಾಯ್‌ನ ಒಂದು ಗಂಟೆ

ಕಾರಿನ ಗಡಿಯಾರ ಹನ್ನೆರಡು ಹತ್ತು ತೋರಿಸುತ್ತಿತ್ತು. ಊಟ ಹನ್ನೆರಡೂವರೆಗೆ, ಇಪ್ಪತ್ತು ನಿಮಿಷ ಮೊದಲೇ ಬಂದೆನೆಂಬ ಸಮಾಧಾನದಲ್ಲಿ ಮಿಷಿಗನ್‌ನ ಟ್ರಾಯ್ ಊರಿನಲ್ಲಿ ವೀಣಾಳ ಮನೆಯ ಬೆಲ್ ಒತ್ತಿದೆ.

"ಗಡಿಯಾರ ಚಿಕಾಗೋದಾಗ ಬಿಟ್ಟು ಬಂದಿಯೇನವಾ? ಇಲ್ಲಿ ಒಂದು ಹೊಡದು ಹತ್ತು ಮಿನಿಟಾತು," ಎಂದು ವೀಣಾಳ ತಾಯಿ ನಕ್ಕರು. ಅಲ್ಲಿನ ಸಮಯ ನಮ್ಮದಕ್ಕಿಂತ ಒಂದು ಗಂಟೆ ಮುಂದಿರುವುದನ್ನು ಮರೆತಿದ್ದೆ. ಶನಿವಾರ ಬೆಳಿಗ್ಗೆ ಏಳಕ್ಕೆ ಚಿಕಾಗೋ ಪಕ್ಕದ ನೇಪರ್‌ವಿಲ್ ಬಿಟ್ಟವಳು ಮುನ್ನೂರಕ್ಕೂ ಹೆಚ್ಚು ಮೈಲಿ ಕಾರು ಓಡಿಸಿದ್ದೆ. ದಾರಿಯುದ್ದಕ್ಕೂ ತುಂತುರು, ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್‌ನ ಚಳಿ.

ವೀಣಾ ಮತ್ತು ನಾನು ಪ್ರಾಚೀನ ಇತಿಹಾಸ ಓದಿದ ಸಹಪಾಠಿಗಳು. ಕಾರ್ತೇಜ್ ನಗರವಿದ್ದ ಟುನೀಶಿಯಾದಲ್ಲಿ ಬೇಸಿಗೆಯ ಉತ್ಖನನಕ್ಕೆ ಇಬ್ಬರೂ ಅರ್ಜಿ ಹಾಕಿದ್ದೆವು. ನನ್ನದು ಮೊದಲ ಸುತ್ತಿನಲ್ಲೇ ತಿರಸ್ಕೃತವಾಯಿತು. ಅವಳಿಗೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಸಂದರ್ಶನ. ಅಲ್ಲಿ ಆಡಲಿರುವ ಹತ್ತು ನಿಮಿಷದ ಮಾತನ್ನು ಕೇಳಿ ತಪ್ಪು ಎತ್ತಿ ತೋರಿಸಲೆಂದೇ ನನ್ನನ್ನು ಕರೆಸಿದ್ದಳು.

ಜೋಳದ ರೊಟ್ಟಿ, ಎಣ್ಣೆಗಾಯಿ ಊಟವಾದ ಮೇಲೆ ಸೋಫಾದ ಮುಂದೆ ನಿಂತು ಶುರು ಮಾಡಿದಳು. ಸಿಸಿಲಿಗಾಗಿ ರೋಮ್ ಮತ್ತು ಕಾರ್ತೇಜ್ ನಡುವೆ ನಡೆದ ಮೊದಲ ಯುದ್ಧ, ಆನೆಗಳೊಂದಿಗೆ ಆಲ್ಪ್ಸ್ ದಾಟಿದ ಹ್ಯಾನಿಬಲ್, ಸೋತ ಕಾರ್ತೇಜ್ ವ್ಯಾಪಾರದಿಂದ ಮತ್ತೆ ಸಿರಿವಂತವಾದದ್ದನ್ನು ಸಹಿಸದ ರೋಮ್. ನನಗಿಂತ ಚೆನ್ನಾಗಿ ಹೇಳಿದಳು. ಕೊನೆಗೆ, ರೋಮನ್ನರು ನಗರವನ್ನು ಸುಟ್ಟು ಆ ನೆಲಕ್ಕೆ ಉಪ್ಪು ಬಿತ್ತಿದರು ಎಂದಳು.

ಉಪ್ಪಿನ ಕಥೆ ಬಹಳ ಕಾಲದ ನಂತರ ಹುಟ್ಟಿದ್ದು. ಪ್ರಾಚೀನರು ಯಾರೂ ಬರೆದಿಲ್ಲ. ಸಂದರ್ಶಕರು ಅಲ್ಲೇ ಹಿಡಿಯುತ್ತಾರೆ.

"ಹ್ಯಾಂಗಿತ್ತು? ಖರೇ ಹೇಳ."

"ಚೆನ್ನಾಗಿತ್ತು."

"ಅಷ್ಟೇನಾ? ನೀ ಒಂದ್ ಕಾಮಾನೂ ಬಿಡಾಕಿ ಅಲ್ಲಲ್ಲ."

"ತಪ್ಪೇನೂ ಸಿಗಲಿಲ್ಲ ಕಣೇ," ಎಂದೆ.

"ಇಕಿ ಛಲೋ ಅಂದ್ರ ಮುಗೀತು ಬಿಡು," ಎಂದರು ಅವಳ ತಾಯಿ. ಭಾನುವಾರ ಹೊರಡುವಾಗ ಹತ್ತು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು.

ಮಿಷಿಗನ್ ಗಡಿ ದಾಟುತ್ತಲೇ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯಿತು. ಸೋಮವಾರ ನಮ್ಮ ಎಂಟೂವರೆಗೆ ಉಪ್ಪಿನ ತಪ್ಪು ತಿಳಿಸಿದರೆ, ಅಷ್ಟರಲ್ಲಿ ಅವಳ ಸಂದರ್ಶನ ಶುರುವಾಗಿ ಅರ್ಧ ಗಂಟೆಯಾಗಿರುತ್ತದೆ. ಮತ್ತೆ ಸಮಯ ಮರೆತೆ ಎಂದರೆ ಎಲ್ಲರೂ ನಂಬುತ್ತಾರೆ. ಮನೆ ಮುಟ್ಟುವವರೆಗೂ ಈ ಲೆಕ್ಕ ನನಗೆ ಹಿತವಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಿಸಿ ಮಾಡಿದೆ, ತಿನ್ನಲಾಗಲಿಲ್ಲ. ಏಳಕ್ಕೆ, ಅಂದರೆ ಅವಳ ಎಂಟಕ್ಕೆ, ಫೋನ್ ಮಾಡಿ ಉಪ್ಪಿನ ಮಾತು ತೆಗೆದುಹಾಕಲು ಹೇಳಿದೆ.

"ಶನಿವಾರ ಯಾಕ ಹೇಳಲಿಲ್ಲ?"

ಆಗಲೂ ಗೊತ್ತಿತ್ತು, ಹೇಳಲು ಮನಸ್ಸಾಗಲಿಲ್ಲ ಎಂದೆ.